ಬೀಳುವ ಮರ್ಯಾದೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಆಸ್ಪತ್ರೆಯ ಮೇಟ್ರನ್ ಅವರೇ, ನಮ್ಮ ಸಂಘದ ಖಜಾಂಚಿಗಳೇ, ಹದಿನೆಂಟು ವರ್ಷಗಳಿಂದ ನನ್ನ ಕೈಗೆ ಸಿಕ್ಕಿಕೊಂಡಿರುವ ವಿದ್ಯಾರ್ಥಿಗಳೇ, ಅವರ ಬಲವಂತಕ್ಕೆ ಇವತ್ತು ಇಲ್ಲಿಗೆ ಬಂದು ಕೂತಿರುವ ಅವರ ಮನೆಯವರೇ, ಮೂರನೆಯ ಸಾಲಿನಲ್ಲಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನನ್ನ ಶ್ರೀಮತಿಯವರೇ, ಸಭಿಕರೇ, ನಿಮ್ಮೆಲ್ಲರಿಗೂ ಈ ನಿವೃತ್ತ ಲಿಫ್ಟ್ ಮೆಕ್ಯಾನಿಕ್‌ನ ವಂದನೆಗಳು.

ಅಧ್ಯಕ್ಷರು ಈಗಷ್ಟೇ ನನ್ನನ್ನು ನಿಮಗೆ ಪರಿಚಯಿಸಿದರು. ಅವರ ಮಾತು ಕೇಳುತ್ತ ಕೇಳುತ್ತ, ಇಷ್ಟು ದೊಡ್ಡ ಮನುಷ್ಯ ಯಾರಪ್ಪ ಬಂದಿರುವುದು ಎಂದು ನಾನೂ ಒಮ್ಮೆ ಹಿಂದೆ ತಿರುಗಿ ನೋಡಿದೆ. ಪರದೆ ಬಿಟ್ಟರೆ ಬೇರೆ ಏನೂ ಕಾಣಲಿಲ್ಲ. ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿರುವ ಫಲಕ ನನಗಂತೆ. ಅದರ ಮೇಲೆ 'ಸೋಲರಿಯದ ಗುರು' ಎಂದು ಕೆತ್ತಿಸಿದ್ದಾರಂತೆ. ಈ ಗುಟ್ಟನ್ನು ಖಜಾಂಚಿಗಳು ಮೆಟ್ಟಿಲ ಹತ್ತಿರವೇ ನನ್ನ ಕಿವಿಯಲ್ಲಿ ಹೇಳಿಬಿಟ್ಟರು. ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ನಮ್ಮ ಸಂಘದಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ದಯವಿಟ್ಟು ಆ ಬಟ್ಟೆಯನ್ನು ಈಗಲೇ ತೆಗೆಯಬೇಡಿ. ನನ್ನ ಮಾತು ಮುಗಿಯಲಿ. ತೆಗೆಯಬೇಕೋ ಬೇಡವೋ ಆಮೇಲೆ ನೀವೇ ಹೇಳುವಿರಂತೆ.

ನನಗೆ ಕೊಟ್ಟಿರುವ ವಿಷಯ 'ನಿಜಜೀವನದ ಆತ್ಮರಕ್ಷಣೆಯಲ್ಲಿ ಮೃದುಕಲೆಯ ಪಾತ್ರ'. ಹನ್ನೊಂದು ಪುಟ ಬರೆದುಕೊಂಡು ಬಂದಿದ್ದೇನೆ. ಇಗೋ, ಜೇಬಿನಲ್ಲೇ ಇದೆ. ಓದುವುದಿಲ್ಲ. ಅದಕ್ಕೆ ಇಷ್ಟು ಜೋರಾಗಿ ಚಪ್ಪಾಳೆ ತಟ್ಟಬೇಕಾಗಿರಲಿಲ್ಲ. ಓದದಿರುವುದಕ್ಕೆ ಒಂದು ಕಾರಣವಿದೆ. ಇವತ್ತು ಸಂಜೆ ಮನೆ ಬಿಡುವ ಮುಂಚೆ ಮೇಟ್ರನ್ ಅವರು ಕಳಿಸಿದ್ದ ಒಂದು ಪಟ್ಟಿ ನನ್ನ ಕೈ ಸೇರಿತು. ಬರುವ ಸೋಮವಾರದಿಂದ ಅವರ ಆಸ್ಪತ್ರೆಯ ಮೂವತ್ತು ಜನ ನರ್ಸ್‌ಗಳಿಗೆ ನಾನು ಆತ್ಮರಕ್ಷಣೆ ಕಲಿಸಬೇಕು ಎಂದು ನಿಶ್ಚಯವಾಗಿದೆಯಲ್ಲ, ಅವರ ಹೆಸರುಗಳ ಪಟ್ಟಿ. ಮೂವತ್ತರಲ್ಲಿ ಮೊದಲ ಹೆಸರು ನನ್ನ ಮಗಳದು. ಅದನ್ನು ನೋಡಿದ ಮೇಲೆ ಆ ಹನ್ನೊಂದು ಪುಟ ಓದಲು ನನಗೆ ಬಾಯಿ ಬರಲಿಲ್ಲ. ಏಕೆ ಎಂದು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ತಾಯ್ ಚಿ ಗೊತ್ತಿಲ್ಲದವರು ಈ ಸಭೆಯಲ್ಲಿ ಕೆಲವರಾದರೂ ಇದ್ದಾರೆ. ಅವರಿಗಾಗಿ ಎರಡು ಮಾತು. ಇದು ಮೃದುವಾದ ಸಮರಕಲೆ. ಇದರಲ್ಲಿ ಎದುರಿನವನ ಬಲಕ್ಕೆ ನಮ್ಮ ಬಲವನ್ನು ಅಡ್ಡ ಇಡುವುದಿಲ್ಲ. ಅವನು ತಳ್ಳಿದರೆ ಸರಿಯುತ್ತೇವೆ, ಎಳೆದರೆ ಜೊತೆಗೇ ಹೋಗುತ್ತೇವೆ, ಅವನ ತೂಕವನ್ನು ಅವನ ಮೇಲೆಯೇ ತಿರುಗಿಸುತ್ತೇವೆ. ಅಭ್ಯಾಸವೆಲ್ಲ ನಿಧಾನ. ಎಷ್ಟು ನಿಧಾನವೆಂದರೆ, ಬೆಳಿಗ್ಗೆ ಮೈದಾನದಲ್ಲಿ ನಮ್ಮನ್ನು ನೋಡಿದ ಪೇಪರ್ ಹಾಕುವವರೊಬ್ಬರು ಸೈಕಲ್ ನಿಲ್ಲಿಸಿ, 'ಇವರಿಗೆಲ್ಲ ಏನಾಗಿದೆ, ಯಾರನ್ನಾದ್ರೂ ಕರೀಬೇಕಾ?' ಎಂದು ಕೇಳಿದ್ದುಂಟು. ಲಿಫ್ಟ್ ರಿಪೇರಿ ಮಾಡುತ್ತಿದ್ದ ನನಗೆ ಮಾತ್ರ ಇದು ಮೊದಲ ದಿನವೇ ಮನಸ್ಸಿಗೆ ಹಿಡಿಸಿತು. ಲಿಫ್ಟ್ ಮೇಲೆ ಹೋಗುವುದು ಬರೀ ಮೋಟಾರಿನ ಬಲದಿಂದ ಎಂದು ನೀವು ತಿಳಿದುಕೊಂಡಿದ್ದೀರಿ. ಅಲ್ಲ. ನೀವು ಮೇಲೆ ಹೋಗುವಾಗ ಗೋಡೆಯ ಹಿಂದೆ ನಿಮ್ಮ ಕಣ್ಣಿಗೆ ಬೀಳದ ಹಾಗೆ ಒಂದು ತೂಕ ಕೆಳಗೆ ಇಳಿಯುತ್ತಿರುತ್ತದೆ. ಮೋಟಾರು ಮಾಡುವುದು ಉಳಿದ ಸಣ್ಣ ಕೆಲಸ. ಇಡೀ ಕಲೆಯೇ ಹೀಗೆ ಎಂದು ನನಗೆ ಅನ್ನಿಸಿಬಿಟ್ಟಿತು.

ನಾನು ಇದಕ್ಕೆ ಬಂದದ್ದು ಯಾರನ್ನೂ ಬೀಳಿಸಬೇಕೆಂದಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದಾಗ ನನ್ನ ಸೊಂಟ ಹಿಡಿದುಕೊಂಡಿತು. ನಾಲ್ಕು ಜನ ನನ್ನನ್ನು ಬಾಗಿದ ಹಾಗೆಯೇ ಎತ್ತಿ ತಂದರು. ನಾಲ್ಕು ತಿಂಗಳು ಹಾಸಿಗೆ. ಶ್ರೀಮತಿಯವರು ಶಾಲೆಯ ಲೈಬ್ರರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಒಂಬತ್ತು ವರ್ಷದ ಮಗಳು ಶಾಲೆ ಬಿಟ್ಟ ಕೂಡಲೇ ಬಂದು ನನ್ನ ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಆ ನಾಲ್ಕು ತಿಂಗಳು ನಾನು ಒಳ್ಳೆಯ ರೋಗಿಯಾಗಿರಲಿಲ್ಲ. ಮಾತಿಗೆ ಮುಂಚೆ ಸಿಡುಕುತ್ತಿದ್ದೆ. ಇನ್ನು ನನ್ನಿಂದ ಏನೂ ಆಗದು ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಕೊನೆಗೆ ಡಾಕ್ಟರು, 'ಎದ್ದು ನಿಧಾನವಾಗಿ ಮೈ ಆಡಿಸಿ' ಎಂದರು. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಇದ್ದರು. ಅವರೇ ನನಗೆ ಈ ಕಲೆ ಹೇಳಿಕೊಟ್ಟವರು. ಮೊದಲ ಆರು ತಿಂಗಳು ಅವರು ಕಲಿಸಿದ್ದು ಬೀಳುವುದನ್ನು ಮಾತ್ರ. 'ಮೈ ಬಿಗಿ ಹಿಡಿದವರ ಮೂಳೆ ಮುರಿಯುತ್ತೆ. ಬಟ್ಟೆ ಜಾರಿ ಬೀಳೋ ಹಾಗೆ ಬೀಳಿ' ಎನ್ನುತ್ತಿದ್ದರು. ನಾಲ್ಕು ವರ್ಷ ಕಲಿಸಿದರು. ತಳ್ಳುವ ವಿದ್ಯೆ ಶುರು ಮಾಡುವಷ್ಟರಲ್ಲಿ ಅವರು ತಂಗಿಯ ಊರಿಗೆ ಹೋಗಿ ನೆಲೆಸಿದರು. ಉಳಿದದ್ದನ್ನು ನಾನು ಒಂದು ಚಿತ್ರಗಳ ಪುಸ್ತಕ ನೋಡಿಕೊಂಡು ಕಲಿತೆ. ಈ ವಿಷಯವನ್ನು ಹದಿನೆಂಟು ವರ್ಷಗಳಲ್ಲಿ ಇವತ್ತೇ ಮೊದಲು ಬಾಯಿ ಬಿಟ್ಟು ಹೇಳುತ್ತಿದ್ದೇನೆ.

ತಳ್ಳುವುದನ್ನು ಯಾರ ಮೇಲಾದರೂ ಪ್ರಯೋಗ ಮಾಡಿ ನೋಡಬೇಕಲ್ಲ? ಅದು ಶುರುವಾದದ್ದು ಅದಕ್ಕಿಂತ ಬಹಳ ಮುಂಚೆ, ನಾನು ಹಾಸಿಗೆ ಬಿಟ್ಟು ಎದ್ದ ಮೊದಲ ವಾರದಲ್ಲೇ. ತಳ್ಳುವುದನ್ನು ಯಾರೂ ಇನ್ನೂ ಹೇಳಿಕೊಟ್ಟಿರಲಿಲ್ಲ, ನನಗೆ ತೋಚಿದ ಹಾಗೆ ಮಗಳನ್ನು ಕೋಣೆಯಲ್ಲಿ ಎದುರಿಗೆ ನಿಲ್ಲಿಸಿಕೊಂಡೆ. ಭುಜದ ಮೇಲೆ ಅಂಗೈ ಇಟ್ಟು, ಉಸಿರು ಬಿಟ್ಟು, 'ಹ್ಞೂಂ' ಎಂದೆ. ಅವಳು ಹಿಂದೆ ಹಿಂದೆ ಹೋಗಿ ಹಾಸಿಗೆಯ ಮೇಲೆ ಬಿದ್ದಳು. ಬಿದ್ದು ನಕ್ಕಳು. 'ಅಪ್ಪ, ನಿಂಗೆ ಶಕ್ತಿ ಬಂದುಬಿಡ್ತು' ಎಂದಳು. ನಾನೂ ನಕ್ಕೆ. ಸಭಿಕರೇ, ನಾಲ್ಕು ತಿಂಗಳ ನಂತರ ನಾನು ನಕ್ಕದ್ದು ಅವತ್ತು. ನನ್ನೊಳಗೆ ಏನೋ ಒಂದು ಬಲ ಇದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದೂ ಅವತ್ತೇ. ಈ ಸಂಘ, ಈ ಸಭಾಂಗಣ, ಈ ಮೈಕು, ಆ ಫಲಕ, ಎಲ್ಲವೂ ಆ 'ಹ್ಞೂಂ'ನಿಂದ ಹುಟ್ಟಿದವು.

ಮುಂದೆ ನಾನು ಕಲಿಸಲು ಶುರು ಮಾಡಿದೆ. ಲಾಂಡ್ರಿಯ ಮೇಲಿನ ಮಹಡಿಯಲ್ಲಿ ನಮ್ಮ ಹಾಲ್ ಇದೆ. ಕೆಳಗಿನಿಂದ ಇಸ್ತ್ರಿಯ ಬಿಸಿ ಬರುತ್ತದೆ, ಹೀಗಾಗಿ ಚಳಿಗಾಲದಲ್ಲಿ ಹಾಜರಾತಿ ಚೆನ್ನಾಗಿರುತ್ತದೆ. ನಲವತ್ತು ಜನ. ಗೋಡೆಗೆ ದಪ್ಪ ಮೆತ್ತೆ ಕಟ್ಟಿದ್ದೇವೆ, ಏಕೆಂದರೆ ನಾನು ತಳ್ಳಿದವರು ಅಲ್ಲಿಗೆ ಹೋಗಿ ಬಡಿಯುತ್ತಾರೆ. ನಾನು 'ಹ್ಞೂಂ' ಎನ್ನುವುದು, ಅವರು ಮೂರು ಹೆಜ್ಜೆ ಹಿಂದಕ್ಕೆ ಹಾರಿ ಗೋಡೆಗೆ ಬೀಳುವುದು. ನೂರು ಕಿಲೋ ತೂಗುವವರೂ ಬಿದ್ದರು. ನಮ್ಮ ಅಧ್ಯಕ್ಷರಂತೂ ಒಂದು ಸಲ ನಾನು ಕನ್ನಡಕ ಒರೆಸಲು ಕೈ ಎತ್ತಿದಾಗಲೇ ಬಿದ್ದುಬಿಟ್ಟರು. ಅಧ್ಯಕ್ಷರೇ, ನಗಬೇಡಿ, ಅವತ್ತು ನೀವು ಎದ್ದು, 'ಮೇಷ್ಟ್ರೇ, ಮುಟ್ಟದೇನೇ ಏನೋ ತಾಗಿತು' ಎಂದಿರಿ. ನಾನು ಏನೆಂದೆ? 'ಆಗುತ್ತೆ, ಕೆಲವೊಮ್ಮೆ ಹಾಗಾಗುತ್ತೆ' ಎಂದೆ. ಇಂಥ ಮಾತು ಆಡುವುದಕ್ಕೆ ಎಷ್ಟು ಭಂಡತನ ಬೇಕು ಎಂದು ಯೋಚಿಸಿ.

ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯುತ್ತಿರಲಿಲ್ಲ. ನಮ್ಮ ಕೋಣೆಯಲ್ಲಿ ಒಂದು ಹಳೆಯ ಮರದ ಕಪಾಟಿದೆ. ಅದನ್ನು ಒಂದಡಿ ಪಕ್ಕಕ್ಕೆ ಸರಿಸಿ ಎಂದು ಶ್ರೀಮತಿಯವರು ಹೇಳುತ್ತಲೇ ಇದ್ದರು. ನಾನು ಹಿಮ್ಮಡಿ ಊರಿ, ಸೊಂಟ ತಿರುಗಿಸಿ, 'ಹ್ಞೂಂ' ಎನ್ನುತ್ತಿದ್ದೆ. ಕಪಾಟು ಕದಲುತ್ತಿರಲಿಲ್ಲ. 'ಪಾಪ, ಅದು ನಿಮ್ಮ ಕ್ಲಾಸಿಗೆ ಸೇರಿಲ್ಲವಲ್ಲ ರೀ, ಅದಕ್ಕೆ ಹೇಗೆ ಗೊತ್ತಾಗಬೇಕು' ಎನ್ನುತ್ತಿದ್ದರು ಇವರು. ಆ ಮಾತಿಗೆ ನಾನು ಎರಡು ದಿನ ಮುನಿಸಿಕೊಂಡಿದ್ದೆ. ಮುನಿಸು ಬಂತು ಎಂದರೇನು ಅರ್ಥ? ನನಗೆ ಒಳಗೊಳಗೇ ಗೊತ್ತಿತ್ತು ಎಂದು ಅರ್ಥ.

ಇನ್ನು ಆ ವಿಡಿಯೊಗೆ ಬರುತ್ತೇನೆ. ಇಲ್ಲಿ ಅದನ್ನು ನೋಡದವರು ಯಾರೂ ಇಲ್ಲ. ಮೂರು ತಿಂಗಳ ಹಿಂದೆ, ಒಂದು ಮಂಗಳವಾರ, ಆಸ್ಪತ್ರೆಯ ಹೊರರೋಗಿಗಳ ಹಾಲ್. ಒಬ್ಬ ದಪ್ಪನೆಯ ಆಸಾಮಿ ನನ್ನ ಬಲಗೈ ಹಿಡಿದು ಎಳೆಯುತ್ತಾನೆ. ನನ್ನ ಎಡಗೈಯಲ್ಲಿ ಊಟದ ಡಬ್ಬಿ. ಮರುಕ್ಷಣ ಆ ಮನುಷ್ಯ ದೊಪ್ಪೆಂದು ಹಿಂದಕ್ಕೆ ಬಿದ್ದಿದ್ದಾನೆ, ನಾನು ನೆಟ್ಟಗೆ ನಿಂತಿದ್ದೇನೆ, ಡಬ್ಬಿ ಓರೆ ಕೂಡ ಆಗಿಲ್ಲ. ಮೂರು ಸೆಕೆಂಡು. ಅಷ್ಟಕ್ಕೆ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. ನಲವತ್ತು ಜನರ ತರಗತಿ ನೂರಹತ್ತಾಯಿತು. ಆಸ್ಪತ್ರೆಯವರು ಹುಡುಕಿಕೊಂಡು ಬಂದರು. ಅಧ್ಯಕ್ಷರು ಫಲಕ ಮಾಡಿಸಲು ಕೊಟ್ಟರು.

ಆ ಮೂರು ಸೆಕೆಂಡಿಗೆ ಮುಂಚೆ ಏನಾಯಿತು ಎಂದು ನೀವು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಕೇಳಿ.

ನಾನು ಹೋಗಿದ್ದು ಮಗಳು ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು. ಅವಳು ಅವತ್ತು ಟೋಕನ್ ಕೊಡುವ ಮೇಜಿನ ಹಿಂದೆ ಇದ್ದಳು. ಆ ಮನುಷ್ಯ ತಮ್ಮ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಏಳರಿಂದ ಕಾದಿದ್ದರು. ಹನ್ನೊಂದಾದರೂ ಅವರ ಸರದಿ ಬಂದಿರಲಿಲ್ಲ. ಕೂಗಾಡಿದರು. ಕೂಗಾಡುತ್ತ ಮೇಜಿನ ಮೇಲಿಂದ ಕೈ ಚಾಚಿ ನನ್ನ ಮಗಳ ಮಣಿಕಟ್ಟು ಹಿಡಿದುಕೊಂಡರು. ನಾನು ನೋಡಿದೆ. ಹದಿನೆಂಟು ವರ್ಷ ಯಾವ ಗಳಿಗೆಗೆ ಸಿದ್ಧನಾಗಿದ್ದೆನೋ ಆ ಗಳಿಗೆ ಬಂದಿದೆ ಎಂದುಕೊಂಡೆ. ಹೋಗಿ ಅವರ ಎದೆಯ ಮೇಲೆ ಅಂಗೈ ಇಟ್ಟೆ. ಹಿಮ್ಮಡಿ ಊರಿದೆ. ಸೊಂಟ ತಿರುಗಿಸಿದೆ. ಉಸಿರು ಬಿಟ್ಟು, 'ಹ್ಞೂಂ' ಎಂದೆ.

ಅವರು ಅಲ್ಲಾಡಲಿಲ್ಲ.

ತಲೆ ಬಗ್ಗಿಸಿ ನನ್ನ ಕೈ ನೋಡಿದರು, ಅಂಗಿಯ ಮೇಲೆ ಏನೋ ಹುಳ ಕೂತಿದೆಯೇನೋ ಎಂಬಂತೆ. ಆಮೇಲೆ ಒಂದೇ ಕೈಯಲ್ಲಿ ನನ್ನನ್ನು ತಳ್ಳಿದರು. ನಾನು ಹಾರಿ ಹೋಗಿ ಬೆಂಚಿನ ಪಕ್ಕದಲ್ಲಿ ಬಿದ್ದೆ. ಅರವತ್ತೆರಡು ವರ್ಷದ, ಸೊಂಟ ಕೆಟ್ಟ ಮನುಷ್ಯ, ಸಿಮೆಂಟಿನ ನೆಲದ ಮೇಲೆ. ಎಡಗೈಯಲ್ಲಿದ್ದ ಡಬ್ಬಿಯೂ ಕೈ ಬಿಡಲಿಲ್ಲ, ಒಂದು ಗೀರೂ ಆಗಲಿಲ್ಲ, ಏಕೆಂದರೆ ಬೀಳುವುದನ್ನು ನನಗೆ ಬಟ್ಟೆ ಹೊಲಿಯುವ ಆ ತಾಯಿ ನಿಜವಾಗಿ ಕಲಿಸಿದ್ದರು. ಆದರೆ ಆ ಮನುಷ್ಯನಿಗೆ ಅದು ಗೊತ್ತಿಲ್ಲವಲ್ಲ. ಮುದುಕ ಸತ್ತೇ ಹೋದ ಎಂದು ಅವರಿಗೆ ಜೀವ ಬಾಯಿಗೆ ಬಂತು. ಮಗಳ ಕೈ ಬಿಟ್ಟರು, ಓಡಿ ಬಂದರು, 'ಅಯ್ಯೋ ಯಜಮಾನ್ರೇ, ಏಟಾಯ್ತಾ, ಏಳಿ, ಏಳಿ' ಎನ್ನುತ್ತ ನನ್ನ ಕೈ ಹಿಡಿದು ಎತ್ತಿದರು. ಅವರ ಬಲ ಹೆಚ್ಚು, ಗಾಬರಿ ಇನ್ನೂ ಹೆಚ್ಚು, ಜೋರಾಗಿ ಎಳೆದರು. ಎಳೆದರೆ ಜೊತೆಗೇ ಹೋಗಬೇಕು ಎಂಬುದು ನನ್ನ ಮೈಗೆ ಹತ್ತಿಹೋದ ಪಾಠ. ನಾನು ಹಗುರವಾಗಿ ಅವರ ಜೊತೆಗೇ ಎದ್ದುಬಿಟ್ಟೆ. ಭಾರ ಇದೆ ಎಂದು ಎಳೆದ ಕೈಗೆ ಭಾರವೇ ಸಿಗಲಿಲ್ಲ. ಅವರು ಹಿಂದಕ್ಕೆ ಹೋಗಿ ದೊಪ್ಪೆಂದು ಕೂತರು.

ಆ ಮೂರು ಸೆಕೆಂಡು ಇದು. ಯಾರೋ ಅಷ್ಟು ಹೊತ್ತಿಗೆ ಫೋನ್ ಎತ್ತಿದ್ದರು. ಹದಿನೆಂಟು ವರ್ಷ ಕಲಿಸಿದ ಕಲೆಯನ್ನು ನಾನು ನಿಜಜೀವನದಲ್ಲಿ ಒಂದೇ ಒಂದು ಸಲ ಸರಿಯಾಗಿ ಪ್ರಯೋಗಿಸಿದೆ. ಅದೂ ನನ್ನನ್ನು ಎತ್ತಲು ಬಂದವರ ಮೇಲೆ. ಕಾವಲುಗಾರರು ಬಂದು ಅವರನ್ನು ಹೊರಗೆ ಕರೆದುಕೊಂಡು ಹೋದರು. ನಾನು ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎರಡು ವಾರ ಕಳೆದ ಮೇಲೆ ಆಸ್ಪತ್ರೆಯ ಲಿಫ್ಟಿನ ಮುಂದೆ ಅವರೇ ಸಿಕ್ಕರು, ತಾಯಿಯ ಗಾಲಿಕುರ್ಚಿ ತಳ್ಳಿಕೊಂಡು. ಲಿಫ್ಟ್ ಬರುವುದು ತಡವಾಯಿತು. ನನ್ನ ಕೈಯಲ್ಲಿದ್ದಾಗ ಆ ಲಿಫ್ಟ್ ಅಷ್ಟು ತಡ ಮಾಡುತ್ತಿರಲಿಲ್ಲ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕ್ಷಮಿಸಿ ಎಂದೆ. ಅವರು, 'ಬಿಡಿ ಯಜಮಾನ್ರೇ, ಮೊದಲು ಕೈ ಮಾಡಿದ್ದು ನಾನು. ಆ ನರ್ಸಮ್ಮನ ಹತ್ರ ಹೋಗಿ ತಪ್ಪಾಯ್ತು ಅಂತ ಕೇಳ್ಕೊಂಡೆ. ಆದ್ರೆ ಎತ್ತೋಕೆ ಬಂದವನನ್ನ ನೀವು ಯಾಕೆ ಬೀಳಿಸಿದ್ರಿ ಅನ್ನೋದು ಮಾತ್ರ ಅರ್ಥ ಆಗ್ಲಿಲ್ಲ' ಎಂದರು. ಕೋಪವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ನಾನು, 'ಬನ್ನಿ, ನಮ್ಮ ಹಾಲಿಗೆ ಬನ್ನಿ, ತೋರಿಸ್ತೀನಿ' ಎಂದೆ. ಬಂದೇಬಿಟ್ಟರು.

ಅವರು ಮನೆ ಸಾಮಾನು ಸಾಗಿಸುವ ಕೆಲಸದವರು. ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ಐದನೇ ಮಹಡಿಗೆ ಬೆನ್ನ ಮೇಲೆ ಕಪಾಟು ಹೊತ್ತು ಹೋಗುವವರು. ಜೊತೆಯವರೆಲ್ಲ ಅವರನ್ನು ಕಪಾಟಣ್ಣ ಎಂದೇ ಕರೆಯುತ್ತಾರೆ. ನಮ್ಮ ಸಂಘದಲ್ಲಿ ಬಹಳ ಜನಕ್ಕೆ ವಿಡಿಯೊದ ಆಸಾಮಿ ಅವರೇ ಎಂದು ಇವತ್ತಿನವರೆಗೆ ಗೊತ್ತಿಲ್ಲ. ವಿಡಿಯೊದಲ್ಲಿ ಅವರ ಬೆನ್ನು ಮಾತ್ರ ಕಾಣುತ್ತದೆ. ಕೊನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಕೂತಿದ್ದಾರೆ. ಕಂಬ ಯಾವುದು, ಅವರು ಯಾವುದು ಎಂದು ಸ್ವಲ್ಪ ಗಮನವಿಟ್ಟು ನೋಡಬೇಕು.

ಮೊದಲ ದಿನ ತರಗತಿಯಲ್ಲಿ ನಾನು ಅವರ ಎದೆಯ ಮೇಲೆ ಕೈ ಇಟ್ಟು, 'ಹ್ಞೂಂ' ಎಂದೆ. ನಿಂತಿದ್ದರು. ಎರಡನೇ ಸಲ ಎಂದೆ. ನಿಂತಿದ್ದರು. ಮೂರನೇ ಸಲ ನನ್ನ ಸೊಂಟ 'ಕಟ್' ಎಂದಿತು. ಅವರು ವಿನಯದಿಂದ ಕೇಳಿದರು: 'ಮೇಷ್ಟ್ರೇ, ಶುರು ಮಾಡಿದ್ರಾ?'

ಖಜಾಂಚಿಗಳು ಮುಂದೆ ಬಂದು, 'ಹೊಸಬರು ಅಂತ ಮೇಷ್ಟ್ರು ಬಿಟ್ಟುಕೊಟ್ಟರು' ಎಂದು ಎಲ್ಲರಿಗೂ ವಿವರಿಸಿದರು. ನಾನೂ ಹೌದೆಂದು ತಲೆಯಾಡಿಸಿದೆ.

ಮುಂದಿನ ವಾರ ಮತ್ತೆ ಅವರ ಎದೆಯ ಮೇಲೆ ಕೈ ಇಟ್ಟೆ. 'ಹ್ಞೂಂ' ಎಂದೆನೋ ಇಲ್ಲವೋ, ಕಪಾಟಣ್ಣ ಒಂದು, ಎರಡು, ಮೂರು ಎಂದು ಲೆಕ್ಕ ಹಾಕಿದ ಹಾಗೆ ಮೂರು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಬಿದ್ದರು. ಕೆಳಗೆ ಲಾಂಡ್ರಿಯವರು ಹೊರಗೆ ಓಡಿ ಬಂದರು. ಗೋಡೆ ಗಡಿಯಾರ ಕಳಚಿ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ತರಗತಿ ಮುಗಿದ ಮೇಲೆ ನಾನು ಅವರನ್ನು ಪಕ್ಕಕ್ಕೆ ಕರೆದು, 'ಯಾಕೆ ಬಿದ್ರಿ?' ಎಂದು ಕೇಳಿದೆ. ಅವರು ಮುಖ ಸಣ್ಣದು ಮಾಡಿಕೊಂಡು, 'ಚಪ್ಪಲಿ ಬಿಡೋ ಜಾಗದಲ್ಲಿ ಹೇಳಿಕೊಟ್ರು ಮೇಷ್ಟ್ರೇ. ನೀವು ಹ್ಞೂಂ ಅಂದ ತಕ್ಷಣ ಮೂರು ಹೆಜ್ಜೆ ಹಿಂದೆ ಹೋಗಿ ಬೀಳಬೇಕಂತೆ, ಅದು ಇಲ್ಲಿನ ಮರ್ಯಾದೆಯಂತೆ. ಮೊದಲ ದಿನ ನನಗೆ ಗೊತ್ತಿರಲಿಲ್ಲ, ತಪ್ಪಾಯ್ತು' ಎಂದರು.

ಚಪ್ಪಲಿ ಬಿಡುವ ಜಾಗದಲ್ಲಿ. ನಾನು ಒಳಗೆ ಒಂದು ವಿದ್ಯೆ ಕಲಿಸುತ್ತಿದ್ದೆ. ಅದಕ್ಕೆ ಮುಂಚೆ ನೀವು ಹೊರಗೆ ಇನ್ನೊಂದು ವಿದ್ಯೆ ಕಲಿಸಿಯೇ ಒಳಗೆ ಕಳಿಸುತ್ತಿದ್ದಿರಿ. ನನಗೆ ನಿಮ್ಮ ಮೇಲೆ ಕೋಪವಿಲ್ಲ. ಹೇಗೆ ಕೋಪ ಮಾಡಿಕೊಳ್ಳಲಿ? ನೀವು ಬಿದ್ದದ್ದು ಪ್ರೀತಿಗೆ. ಕೆಲವರಂತೂ ಬೀಳುತ್ತ ಬೀಳುತ್ತ, ಇದು ಮೇಷ್ಟ್ರ ಬಲವೇ ಎಂದು ನಂಬಿಯೂ ಬಿಟ್ಟಿದ್ದೀರಿ. ಆದರೆ ಗೋಡೆಗೆ ಮೆತ್ತೆ ಇರುವ ಹಾಲಿನಲ್ಲಿ ಬೀಳುವ ಮರ್ಯಾದೆ ಬೇರೆ, ಟೋಕನ್ ಮೇಜಿನ ಮುಂದೆ ಕೂಗಾಡುತ್ತ ನಿಂತಿರುವವನು ಬೇರೆ. ಅವನಿಗೆ ನಿಮ್ಮ ಮೇಷ್ಟ್ರು ಯಾರು ಎಂದು ಗೊತ್ತಿರುವುದಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಎರಡು ತಿಂಗಳು ಬಾಯಿ ಬಿಡಲಿಲ್ಲ. ನರ್ಸ್‌ಗಳ ತರಗತಿ ಒಪ್ಪಿಕೊಂಡೆ. ಹನ್ನೊಂದು ಪುಟ ಬರೆದೆ. ಹೇಗೋ ನಡೆಯುತ್ತದೆ, ಸ್ವಲ್ಪ ಬೀಳುವುದನ್ನು ಕಲಿಸೋಣ, ಸ್ವಲ್ಪ ಧೈರ್ಯ ತುಂಬೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗ ಆ ಪಟ್ಟಿ ಬಂತು, ಮೊದಲ ಸಾಲಿನಲ್ಲಿ ಮಗಳ ಹೆಸರು.

ಅವಳು ಅವತ್ತು ಆ ಮೇಜಿನ ಹಿಂದೆಯೇ ಇದ್ದಳು, ಸಭಿಕರೇ. ನಾನು ತಳ್ಳಿದ್ದು, ಆ ಮನುಷ್ಯ ಅಲ್ಲಾಡದಿದ್ದದ್ದು, ನಾನು ಹಾರಿ ಬಿದ್ದದ್ದು, ಎಲ್ಲವನ್ನೂ ಎರಡು ಅಡಿ ದೂರದಿಂದ ನೋಡಿದ್ದಾಳೆ. ಈ ಊರಿನಲ್ಲಿ ನನ್ನ ವಿದ್ಯೆ ಎಷ್ಟು ಎಂದು ಸರಿಯಾಗಿ ಗೊತ್ತಿರುವ ಒಬ್ಬಳೇ ನರ್ಸ್ ಅವಳು. ಅವಳೇ ಮೊದಲು ಹೆಸರು ಕೊಟ್ಟಿದ್ದಾಳೆ. ಅವಳನ್ನು ನೋಡಿ ಉಳಿದ ಇಪ್ಪತ್ತೊಂಬತ್ತು ಜನ ಕೊಟ್ಟಿದ್ದಾರೆ. ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಳು. 'ಯಾಕಮ್ಮ ಹೆಸರು ಕೊಟ್ಟೆ?' ಎಂದು ಕೇಳಿದೆ. ಕಿಟಕಿಯ ಹೊರಗೆ ನೋಡುತ್ತ, 'ನಾನೇ ಕೊಡದಿದ್ರೆ ಚೆನ್ನಾಗಿರಲ್ಲ ಅಪ್ಪ' ಎಂದಳು. ನಾನು ಕೇಳಬಾರದ ಇನ್ನೊಂದು ಪ್ರಶ್ನೆ ಕೇಳಿದೆ. 'ಚಿಕ್ಕವಳಿದ್ದಾಗ ಹಾಸಿಗೆ ಮೇಲೆ ಬೀಳ್ತಿದ್ದೆಯಲ್ಲ, ಬೇಕಂತಲೇ ಬೀಳ್ತಿದ್ದೆಯಾ?'

ಅವಳು ನನ್ನ ಮುಖ ನೋಡಿದಳು. 'ನೀನು ನಾಲ್ಕು ತಿಂಗಳು ನಕ್ಕಿರಲಿಲ್ಲ ಅಪ್ಪ. ನಾನು ಬಿದ್ದೆ, ನೀನು ನಕ್ಕೆ. ಅದಕ್ಕೇ ದಿನಾ ಬಿದ್ದೆ' ಎಂದಳು.

ಅವಳಿಗೆ ಈಗ ಮೂವತ್ತೊಂದು. ಇನ್ನೂ ಬೀಳುತ್ತಿದ್ದಾಳೆ. ಈ ಸಲ ಬೀಳಲು ಹೊರಟಿರುವುದು ಹಾಸಿಗೆಯ ಮೇಲಲ್ಲ. ಜೊತೆಗೆ ಇಪ್ಪತ್ತೊಂಬತ್ತು ಜನರನ್ನು ಕರೆದುಕೊಂಡು ಹೊರಟಿದ್ದಾಳೆ. ಸೋಮವಾರ ನಾನು 'ಹ್ಞೂಂ' ಎಂದರೆ ಅವಳು ಮೊದಲು ಬೀಳುತ್ತಾಳೆ, ಉಳಿದವರು ನಂಬುತ್ತಾರೆ, ನಂಬಿದವರಲ್ಲಿ ಒಬ್ಬಳು ಮುಂದೊಂದು ದಿನ ಓಡಬೇಕಾದ ಹೊತ್ತಿನಲ್ಲಿ ನಿಂತು ಯಾರದೋ ಎದೆಯ ಮೇಲೆ ಕೈ ಇಡುತ್ತಾಳೆ. ಅವಳು ಯಾರ ಮಗಳಾದರೂ ಆಗಲಿ, ಅದು ಆಗಕೂಡದು. ನನಗೆ ಅದರ ಭಯವಿದೆ. ಈ ಸನ್ಮಾನ ಹೋದರೂ ಪರವಾಗಿಲ್ಲ ಎನ್ನುವಷ್ಟು ಭಯವಿದೆ.

ಆದ್ದರಿಂದ ಒಂದು ಸಣ್ಣ ಕೆಲಸ ಮಾಡೋಣ. ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಬೇಕೆಂದೇ ಬಿದ್ದವರು ಯಾರು ಯಾರು, ದಯವಿಟ್ಟು ಕೈ ಎತ್ತಿ. ಸಂಕೋಚ ಬೇಡ. ಕಪಾಟಣ್ಣ ಎತ್ತಿದರು, ಬಹಳ ಸಂತೋಷ. ಬೇರೆ ಯಾರೂ ಇಲ್ಲವೇ? ಹಾಂ, ಅಲ್ಲೊಬ್ಬರು. ಆ ಸಾಲಿನಲ್ಲಿ ನಾಲ್ಕು. ಬ್ಯಾಂಕಿನವರೇ, ನೀವೂನಾ? ನಿಮ್ಮನ್ನು ಬೀಳಿಸಿದ ದಿನ ನಾನು ಮನೆಯಲ್ಲಿ ಸಿಹಿ ಮಾಡಿಸಿದ್ದೆ. ಇರಲಿ. ಅಯ್ಯಯ್ಯೋ, ಇಡೀ ಹಾಲೇ ಎತ್ತಿತಲ್ಲ. ಅಧ್ಯಕ್ಷರೇ, ನೀವು ಎರಡೂ ಕೈ ಎತ್ತುವ ಅಗತ್ಯವಿರಲಿಲ್ಲ. ಸಾಕು, ಇಳಿಸಿ. ಕೃತಜ್ಞತೆಗಳು. ನನ್ನ ಶ್ರೀಮತಿಯವರು ಇಷ್ಟು ಜೋರಾಗಿ ನಕ್ಕದ್ದನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ.

ಮೇಟ್ರನ್ ಅವರೇ, ನಿಮ್ಮ ಮುಖದ ಮೇಲಿನ ಪ್ರಶ್ನೆ ನನಗೆ ಕಾಣುತ್ತಿದೆ. ಸೋಮವಾರದ ತರಗತಿ ನಡೆಯಲಿ ಎಂದು ನಾನು ಕೈಮುಗಿದು ಕೇಳುತ್ತೇನೆ, ಆದರೆ ಬೇರೆ ರೀತಿಯಲ್ಲಿ. ತಳ್ಳಿ ಗೆಲ್ಲುವುದನ್ನು ನೀವು ಕಲಿಸಿ ಎಂದರೂ ನಾನು ಕಲಿಸುವುದಿಲ್ಲ, ನನಗೇ ಬರುವುದಿಲ್ಲ. ಬೀಳುವುದನ್ನು ಕಲಿಸುತ್ತೇನೆ, ಅದು ಪರೀಕ್ಷೆಯಾಗಿದೆ, ಪರೀಕ್ಷೆ ಮಾಡಿದವರು ಕಂಬದ ಪಕ್ಕದಲ್ಲಿ ಕೂತಿದ್ದಾರೆ. ಎಳೆದರೆ ಜೊತೆಗೆ ಹೋಗುವುದನ್ನು ಕಲಿಸುತ್ತೇನೆ, ಅದೂ ಪರೀಕ್ಷೆಯಾಗಿದೆ, ಪರೀಕ್ಷೆಯಲ್ಲಿ ಬಿದ್ದವರೂ ಅವರೇ. ಮಣಿಕಟ್ಟು ಹಿಡಿದಾಗ ಹಿಡಿದವನ ಹೆಬ್ಬೆರಳಿನ ಕಡೆಯಿಂದ ಕೈ ಬಿಡಿಸಿಕೊಳ್ಳುವ ಒಂದು ಉಪಾಯವಿದೆ. ಅದು ನಿಜಕ್ಕೂ ಕೆಲಸ ಮಾಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಏಕೆಂದರೆ ಹದಿನೆಂಟು ವರ್ಷ ನನ್ನ ಮಣಿಕಟ್ಟು ಹಿಡಿದವರೆಲ್ಲ ನಾನು ಅಲ್ಲಾಡಿಸುವ ಮುಂಚೆಯೇ ಬಿಟ್ಟಿದ್ದಾರೆ. ಅದಕ್ಕೇ ಕಪಾಟಣ್ಣನವರನ್ನು ಜೊತೆಗೆ ಕರೆತರುತ್ತೇನೆ. ಇವತ್ತು ಇಲ್ಲಿಗೆ ಬಂದ ಕೂಡಲೇ ಬಾಗಿಲ ಹತ್ತಿರ ಅವರನ್ನು ಕೇಳಿದೆ, ಒಪ್ಪಿದ್ದಾರೆ. ಮರ್ಯಾದೆಗೆಂದು ಯಾರ ಕೈಯನ್ನೂ ಬಿಡುವುದಿಲ್ಲ, ಮರ್ಯಾದೆಗೆಂದು ಬೀಳುವುದೂ ಇಲ್ಲ ಎಂದು ನನಗೆ ಮಾತು ಕೊಟ್ಟಿದ್ದಾರೆ. ಅವರ ಕೈಯಿಂದ ಯಾವುದು ಬಿಡಿಸಿಕೊಂಡು ಬರುತ್ತದೋ ಅದು ಪಾಠ. ಬಾರದ್ದು ಪಾಠವಲ್ಲ, ನನ್ನ ಪುಸ್ತಕದಲ್ಲಿ ಎಷ್ಟೇ ಚೆಂದದ ಚಿತ್ರವಿರಲಿ.

ಮೊದಲ ದಿನದ ಪಾಠವಂತೂ ಅವರದೇ. ಸಾಮಾನು ಸಾಗಿಸುವವರು ಯಾವ ಮನೆಗೆ ಹೋದರೂ ಮೊದಲು ಏನನ್ನೂ ಎತ್ತುವುದಿಲ್ಲವಂತೆ. ಖಾಲಿ ಕೈಯಲ್ಲಿ ಕೋಣೆಯಿಂದ ಬೀದಿಯವರೆಗೆ ಒಮ್ಮೆ ನಡೆದು ನೋಡುತ್ತಾರಂತೆ. ಬಾಗಿಲು ಯಾವ ಕಡೆ ತೆರೆಯುತ್ತದೆ, ತಿರುವು ಎಲ್ಲಿದೆ, ಕಾಲಿಗೆ ಏನು ತೊಡರುತ್ತದೆ. ಅವರು ನನ್ನನ್ನು ಕೇಳಿದರು: 'ಮೇಷ್ಟ್ರೇ, ಅವತ್ತು ಆ ನರ್ಸಮ್ಮನ ಹಿಂದೆ ಗೋಡೆ ಇತ್ತು. ನಾನು ಕೈ ಹಿಡಿದಾಗ ಅವರು ಎಲ್ಲಿಗೆ ಹೋಗಬೇಕಿತ್ತು?' ಹದಿನೆಂಟು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಮೇಟ್ರನ್ ಅವರೇ, ಸೋಮವಾರ ಮೂವತ್ತು ಜನರೂ ತಮ್ಮ ತಮ್ಮ ಮೇಜಿನಿಂದ ಹೊರಬಾಗಿಲಿನವರೆಗೆ ಖಾಲಿ ಕೈಯಲ್ಲಿ ನಡೆಯುತ್ತಾರೆ. ಎಲ್ಲಿ ದಾರಿಯಿಲ್ಲವೋ ಅಲ್ಲಿ ಮೇಜನ್ನು ಸರಿಸಿಕೊಡಬೇಕಾದವರು ನೀವು. ತಲೆಯಾಡಿಸಿದಿರಿ. ನೂರಹತ್ತು ಜನ ಸಾಕ್ಷಿಗಳಿದ್ದಾರೆ.

ಆ ಫಲಕದ ವಿಷಯ. ಅಧ್ಯಕ್ಷರೇ, ಅದನ್ನು ಹಾಗೆಯೇ ಮುಚ್ಚಿಟ್ಟು ಮನೆಗೆ ತೆಗೆದುಕೊಂಡು ಹೋಗಿ. ನೀವೇ ಇಟ್ಟುಕೊಳ್ಳಿ. ನನ್ನ ಕೈ ಮುಟ್ಟದೆ ಬಿದ್ದವರು ನೀವೊಬ್ಬರೇ.

ಕೊನೆಗೆ ಒಂದೇ ಒಂದು ಕೆಲಸ ಉಳಿದಿದೆ, ಅದಕ್ಕೆ ನಿಮ್ಮ ಅಪ್ಪಣೆ ಬೇಕು. ಮಗಳೇ, ಎದ್ದು ಬಾ. ಹೌದು, ನೀನೇ. ಪಕ್ಕದಲ್ಲಿ ನಿನ್ನ ಅಮ್ಮ ತಳ್ಳುತ್ತಿದ್ದಾಳಲ್ಲ, ಅವಳ ತಳ್ಳುವಿಕೆ ಮಾತ್ರ ಯಾವಾಗಲೂ ಕೆಲಸ ಮಾಡುತ್ತದೆ. ಮೆಟ್ಟಿಲು ನೋಡಿಕೊಂಡು ಹತ್ತು. ಇಲ್ಲಿ ನಿಲ್ಲು, ನನ್ನ ಎದುರಿಗೆ. ನಾನು ತಳ್ಳುತ್ತೇನೆ. ನೀನು ಬೀಳಬಾರದು. ಅಷ್ಟೇ.

ಹ್ಞೂಂ.

ನೋಡಿದಿರಾ, ಎರಡು ಹೆಜ್ಜೆ ಹಿಂದೆ ಹೋದಳು. ಬೇಕೆಂದು ಹೋಗಲಿಲ್ಲ, ಕಾಲು ತಾನಾಗಿ ಹೋಯಿತು. ಇಪ್ಪತ್ತೆರಡು ವರ್ಷದ ರೂಢಿ. ಬಾ, ಮತ್ತೆ ಬಾ. ನನ್ನ ಮುಖ ನೋಡಬೇಡ, ನೆಲದ ಮೇಲೆ ನಿನ್ನ ಕಾಲು ಎಲ್ಲಿದೆ ನೋಡಿಕೋ. ಸೋಮವಾರದಿಂದ ನಾನು ನಿನ್ನನ್ನು ಒಂದು ಮಾತು ಕೇಳುತ್ತಲೇ ಇರುತ್ತೇನೆ, ಇದು ಆಗುತ್ತದೋ ಇಲ್ಲವೋ ಎಂದು. ಆಗದಿದ್ದರೆ, 'ಅಪ್ಪ, ಇದು ಆಗಲ್ಲ' ಎಂದು ಎಲ್ಲರ ಮುಂದೆ ಹೇಳಬೇಕು. ಹೇಳುತ್ತೀಯಲ್ಲ? ಸರಿ. ಈಗ ನಾನು ನನ್ನ ಇಡೀ ಬಲ ಹಾಕುತ್ತೇನೆ. ಖಜಾಂಚಿಗಳೇ, ಮೈಕು ಸ್ವಲ್ಪ ಹಿಡಿದುಕೊಳ್ಳಿ, ನನ್ನ ಬಾಯಿಯ ಹತ್ತಿರವೇ ಇರಲಿ.

ಹ್ಞೂಂ.

ನಿಂತಳು. ಸಭಿಕರೇ, ನಿಂತಿದ್ದಾಳೆ. ಇನ್ನೊಮ್ಮೆ ನೋಡಿ, ಹ್ಞೂಂ. ಕದಲಲಿಲ್ಲ. ಇಲ್ಲ, ಇಲ್ಲ, ನನ್ನ ಸೊಂಟಕ್ಕೆ ಏನೂ ಆಗಿಲ್ಲ. ಅಳುವುದು ಯಾಕೆ? ಕಣ್ಣು ಒರೆಸಿಕೋ. ಇಲ್ಲಿ ನೋಡು, ನನ್ನ ಮುಖ ನೋಡು. ನೀನು ಬೀಳಲಿಲ್ಲ, ಆದರೂ ನಿನ್ನಪ್ಪ ನಗುತ್ತಿದ್ದಾನೆ.

ಮೆತ್ತೆಯಿಲ್ಲದ ಈ ಮಾತುಗಳನ್ನು ಇಷ್ಟು ಹೊತ್ತು ತಡೆದುಕೊಂಡ ನಿಮಗೆಲ್ಲ, ಮುಂದೆ ನನ್ನ ಎದುರಿಗೆ ಬೀಳದೆ ನಿಲ್ಲಲಿರುವ ನಿಮಗೆಲ್ಲ, ಮನಸಾರೆ ಧನ್ಯವಾದ. ನಮಸ್ಕಾರ.